ಮಗುವಿನ ರಕ್ತದಲ್ಲಿ ಸೀಸ: ವರದಿ ಬರುವ ಮೊದಲು, ಬಂದ ಮೇಲೆ

ರಕ್ತ ಪರೀಕ್ಷೆಗೆ ಈಗ ಲ್ಯಾಬಿನ ಮೆಟ್ಟಿಲು ಹತ್ತಲೇಬೇಕೆಂದಿಲ್ಲ. ಫೋನಿನಲ್ಲಿ ಬುಕ್ ಮಾಡಿದರೆ ಬೆಳಗ್ಗೆಯೇ ಮನೆ ಬಾಗಿಲಿಗೆ ಬಂದು ರಕ್ತ ತೆಗೆದುಕೊಂಡು ಹೋಗುತ್ತಾರೆ. ವಿಟಮಿನ್ ಡಿ, ಬಿ12, ಥೈರಾಯ್ಡ್‌ಗಳ ಸಾಲಿನಲ್ಲಿ ‘ಹೆವಿ ಮೆಟಲ್’ ಪ್ಯಾಕೇಜೂ ಇರುತ್ತದೆ. ಅಮೆರಿಕದಲ್ಲಿರುವ ನಮ್ಮವರಿಗಂತೂ ಬೆರಳು ಚುಚ್ಚಿ ಒಂದೆರಡು ಹನಿ ರಕ್ತ ಹಿಡಿದು ಅಂಚೆಯಲ್ಲಿ ಕಳಿಸುವ ಕಿಟ್‌ಗಳೂ ಸಿಗುತ್ತವೆ. ಕೆಲವು ದಿನಗಳಲ್ಲಿ ವರದಿ ಬರುತ್ತದೆ. ಸೀಸದ ಸಾಲಿನಲ್ಲಿ ಅಂಕಿ ಕೆಂಪಗಿದ್ದರೆ ತಂದೆತಾಯಿಗೆ ಅಂದು ರಾತ್ರಿ ನಿದ್ದೆ ಇಲ್ಲ.

ಅಂಥವರಿಗೆ ಮೊದಲೇ ಹೇಳಿಬಿಡಬೇಕಾದ ಮಾತೊಂದಿದೆ. ಆ ಅಂಕಿ ನಿಮ್ಮ ಮಗುವಿನ ಭವಿಷ್ಯ ಹೇಳುವುದಿಲ್ಲ. ಎಲ್ಲಿಂದಲೋ ಸೀಸ ಮಗುವಿನ ಮೈ ಸೇರುತ್ತಿರಬಹುದು, ಹುಡುಕಿ ಎಂದಷ್ಟೇ ಅದು ಹೇಳುತ್ತದೆ. ಹುಡುಕಿ ನಿಲ್ಲಿಸಿದರೆ ಬಹುಪಾಲು ಮಕ್ಕಳಿಗೆ ಅದೇ ಚಿಕಿತ್ಸೆ. ಹುಡುಕದೆ ವರದಿಯನ್ನು ಮಾತ್ರ ಮತ್ತೆ ಮತ್ತೆ ನೋಡುತ್ತಾ ಕೂತರೆ ಪರೀಕ್ಷೆ ಮಾಡಿಸಿದ್ದಕ್ಕೆ ಅರ್ಥವಿಲ್ಲ.

ಎಲ್ಲ ಲೋಹಗಳಿಗಿಂತ ಸೀಸಕ್ಕೇ ಏಕೆ ಮೊದಲ ಗಮನ

ಸೀಸದಿಂದ ದೇಹಕ್ಕೆ ಯಾವ ಉಪಯೋಗವೂ ಇಲ್ಲ. ಇಷ್ಟಿದ್ದರೆ ಮಕ್ಕಳಿಗೆ ಅಪಾಯವಿಲ್ಲ ಎನ್ನಬಹುದಾದ ಪ್ರಮಾಣ ಈವರೆಗೆ ಕಂಡುಬಂದಿಲ್ಲ. ನುಂಗಿದ ಸೀಸದಲ್ಲಿ ದೊಡ್ಡವರ ಕರುಳು ಸುಮಾರು ಹತ್ತರಲ್ಲೊಂದು ಪಾಲು ಹೀರಿಕೊಂಡರೆ, ಪುಟ್ಟ ಮಕ್ಕಳ ಕರುಳು ಅರ್ಧದಷ್ಟನ್ನು ಹೀರಿಕೊಳ್ಳಬಲ್ಲದು. ಕಬ್ಬಿಣಾಂಶ, ಕ್ಯಾಲ್ಸಿಯಂ ಕಡಿಮೆ ಇರುವ ಮಕ್ಕಳಲ್ಲಿ ಇದು ಇನ್ನೂ ಹೆಚ್ಚು. ಒಂದರಿಂದ ಮೂರು ವರ್ಷದ ಮಕ್ಕಳು ನೆಲದ ಮೇಲೆ ಆಡಿ, ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗಿಡುತ್ತಾರೆ. ಮೆದುಳು ಚುರುಕಾಗಿ ಬೆಳೆಯುವ ವಯಸ್ಸೂ ಅದೇ.

ಸೀಸದ ಪ್ರಮಾಣ ಕಡಿಮೆ ಇದ್ದಾಗ ಹೊರಗೆ ಯಾವ ಲಕ್ಷಣವೂ ಕಾಣದು. ಮಗು ಆಡುತ್ತದೆ, ಉಣ್ಣುತ್ತದೆ, ನಗುತ್ತದೆ. ಹೊಟ್ಟೆನೋವು, ಮಲಬದ್ಧತೆ, ಸಿಡುಕು, ರಕ್ತಹೀನತೆ ಕಾಣುವ ಹೊತ್ತಿಗೆ ಸೀಸ ಸಾಕಷ್ಟು ಸೇರಿರುತ್ತದೆ. ಹಾಗಾಗಿ ರಕ್ತ ಪರೀಕ್ಷೆ ಬಿಟ್ಟರೆ ತಿಳಿಯುವ ದಾರಿ ಇಲ್ಲ.

ಇದು ನಮ್ಮ ದೇಶದ ಮಟ್ಟಿಗೆ ದೊಡ್ಡ ವಿಷಯವೇ. ಯುನಿಸೆಫ್ ಮತ್ತು ಪ್ಯೂರ್ ಅರ್ಥ್ ಸಂಸ್ಥೆಗಳು 2020ರಲ್ಲಿ ಪ್ರಕಟಿಸಿದ ವರದಿಯ ಅಂದಾಜಿನಂತೆ ಜಗತ್ತಿನ ಮೂವರು ಮಕ್ಕಳಲ್ಲಿ ಒಬ್ಬರ ರಕ್ತದಲ್ಲಿ ಸೀಸ ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಇದೆ. ಅವರಲ್ಲಿ ಸುಮಾರು ಮೂರನೇ ಒಂದು ಪಾಲು ಮಕ್ಕಳು ಭಾರತದವರು. ಇಷ್ಟು ಮಕ್ಕಳ ಜೊತೆ ನಿಮ್ಮ ಮಗುವೂ ಇದ್ದರೆ ಅದು ನಿಮ್ಮ ಆರೈಕೆಯ ತಪ್ಪಲ್ಲ. ತಾಯಿಯನ್ನು ದೂರುವ ಮಾತಂತೂ ಮನೆಯಲ್ಲಿ ಯಾರ ಬಾಯಲ್ಲೂ ಬರಬಾರದು.

ಬೆರಳಿನ ಹನಿ, ತೋಳಿನ ರಕ್ತ

ಮನೆಯಲ್ಲಿ ಮಾಡುವ ಪರೀಕ್ಷೆ ಎಂದರೆ ಎರಡು ಬಗೆ. ಲ್ಯಾಬಿನವರು ಬಂದು ತೋಳಿನ ರಕ್ತನಾಳದಿಂದ ತೆಗೆಯುವುದು ಒಂದು. ಬೆರಳ ತುದಿ ಚುಚ್ಚಿ ಹನಿ ಹಿಡಿಯುವುದು ಇನ್ನೊಂದು. ಸೀಸದ ವಿಚಾರದಲ್ಲಿ ಈ ಎರಡರ ನಡುವೆ ತುಂಬ ವ್ಯತ್ಯಾಸವಿದೆ.

ಸ್ವಲ್ಪ ಲೆಕ್ಕ ಹಾಕೋಣ. ಬೆರಳಿನಿಂದ ಹಿಡಿಯುವ ರಕ್ತ ಸುಮಾರು 50 ಮೈಕ್ರೋಲೀಟರ್, ಅಂದರೆ ಒಂದೆರಡು ಹನಿ. ಮಗುವಿನ ನಿಜವಾದ ಮಟ್ಟ ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಇದ್ದರೆ ಆ ಹನಿಯಲ್ಲಿರುವ ಸೀಸ ಎರಡೂವರೆ ನ್ಯಾನೋಗ್ರಾಂ ಮಾತ್ರ. ಈಗ ಬೆರಳ ತುದಿಯಲ್ಲಿ ಹಳೆ ಬಣ್ಣದ ಒಂದು ಧೂಳಿನ ಕಣ ಅಂಟಿದೆ ಎನ್ನಿ. ಅದರ ತೂಕ ಒಂದು ಮೈಕ್ರೋಗ್ರಾಂ, ಅದರಲ್ಲಿ ನೂರಕ್ಕೆ ಒಂದು ಪಾಲು ಸೀಸ. ಕಣ್ಣಿಗೆ ಕಂಡೂ ಕಾಣದಂಥ ಆ ಕಣ ರಕ್ತದ ಹನಿಗೆ ಬೆರೆತರೆ ಹತ್ತು ನ್ಯಾನೋಗ್ರಾಂ ಸೀಸ ಹೆಚ್ಚುತ್ತದೆ. ವರದಿಯಲ್ಲಿ 5 ಇರಬೇಕಾದ ಕಡೆ 25 ಬರುತ್ತದೆ. ಮೈಯೊಳಗಿನ ಸೀಸ ಅಷ್ಟೇ ಇದೆ. ಹೆಚ್ಚಿದ್ದು ಚರ್ಮದ ಮೇಲಿನದು.

ಆದ್ದರಿಂದ ಬೆರಳಿನ ಪರೀಕ್ಷೆ ಮಾಡುವುದೇ ಆದರೆ ಮೊದಲು ಮಗುವಿನ ಎರಡೂ ಕೈಗಳನ್ನು ಸೋಪು ಹಚ್ಚಿ, ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಸ್ಪಿರಿಟ್ ಹತ್ತಿಯಿಂದ ಒರೆಸಿದರೆ ರೋಗಾಣು ಹೋದೀತು, ಸೀಸ ಹೋಗುವುದಿಲ್ಲ. ತೊಳೆದ ಕೈ ಗಾಳಿಗೆ ಆರಲಿ. ಬಟ್ಟೆ, ಮೇಜು, ಆಟಿಕೆ ಯಾವುದನ್ನೂ ಮುಟ್ಟದಿರಲಿ. ಮೊದಲ ಹನಿಯನ್ನು ಒರೆಸಿ ಎಸೆದು ಮುಂದಿನ ಹನಿಯನ್ನು ಹಿಡಿಯಬೇಕು.

ಇಷ್ಟೆಲ್ಲ ಮಾಡಿದರೂ ಬೆರಳಿನ ಪರೀಕ್ಷೆಯನ್ನು ಜರಡಿ ಹಿಡಿಯಲು ಮಾತ್ರ ಬಳಸಬೇಕು. ಅಂಕಿ ಹೆಚ್ಚು ಬಂದರೆ ತೋಳಿನ ರಕ್ತದಿಂದ ಮತ್ತೊಮ್ಮೆ ನೋಡಿಸಿಯೇ ತೀರ್ಮಾನಕ್ಕೆ ಬರಬೇಕು. ಯಂತ್ರಗಳೂ ತಪ್ಪುತ್ತವೆ. ಮೇಜಿನ ಮೇಲಿಟ್ಟು ಬಳಸುವ ಒಂದು ಬಗೆಯ ಯಂತ್ರ ತೋಳಿನ ರಕ್ತದಲ್ಲಿ ಸೀಸವನ್ನು ಇರುವುದಕ್ಕಿಂತ ಕಡಿಮೆ ತೋರಿಸಬಹುದು ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2017ರಲ್ಲಿ ಎಚ್ಚರಿಸಿತ್ತು.

ಲ್ಯಾಬಿನವರನ್ನು ಕರೆಸುವ ಮುಂಚೆ ಮೂರು ಪ್ರಶ್ನೆ ಕೇಳಿ. ಲ್ಯಾಬಿಗೆ ಎನ್‌ಎಬಿಎಲ್ ಮಾನ್ಯತೆ ಇದೆಯೇ? ಸೀಸವನ್ನು ಐಸಿಪಿ-ಎಂಎಸ್ ಅಥವಾ ಗ್ರಾಫೈಟ್ ಫರ್ನೇಸ್ ವಿಧಾನದಲ್ಲಿ ಅಳೆಯುತ್ತಾರೆಯೇ? ರಕ್ತ ತುಂಬುವ ಟ್ಯೂಬು ಲೋಹ ಪರೀಕ್ಷೆಗೆಂದೇ ಮಾಡಿದ್ದೇ? ಮೂರಕ್ಕೂ ಸರಿಯಾದ ಉತ್ತರ ಸಿಗದಿದ್ದರೆ ಬೇರೆ ಲ್ಯಾಬ್ ನೋಡಿ.

ಅಂಕಿಯ ಪಕ್ಕದ ಅಳತೆ ನೋಡಿ

ವರದಿ ಕೈಗೆ ಬಂದಾಗ ಅಂಕಿಗಿಂತ ಮೊದಲು ಅದರ ಪಕ್ಕದಲ್ಲಿರುವ ಅಳತೆಯನ್ನು ಓದಿ. ಡಾಕ್ಟರುಗಳು ಮಾತಾಡುವುದು ಡೆಸಿಲೀಟರಿಗೆ, ಅಂದರೆ 100 ಮಿಲಿಲೀಟರ್ ರಕ್ತಕ್ಕೆ ಎಷ್ಟು ಮೈಕ್ರೋಗ್ರಾಂ ಎಂಬ ಲೆಕ್ಕದಲ್ಲಿ. ಕೆಲವು ವರದಿಗಳಲ್ಲಿ ಲೀಟರಿಗೆ ಎಷ್ಟು ಎಂದು ಕೊಟ್ಟಿರುತ್ತಾರೆ. ಆಗ ಹತ್ತರಿಂದ ಭಾಗಿಸಬೇಕು. ಲೀಟರಿಗೆ 35 ಎಂದಿದ್ದರೆ ಡೆಸಿಲೀಟರಿಗೆ 3.5. ಇದನ್ನು ಗಮನಿಸದೆ 35 ಎಂದು ಹೆದರಿದವರೂ ಉಂಟು. ಲೀಟರಿಗೆ 120 ಎಂದಿದ್ದದ್ದನ್ನು ‘ನಾರ್ಮಲ್’ ಅಂಕಣದ ಮಿತಿಯೊಳಗಿದೆ ಎಂದು ಮೂಲೆಗಿಟ್ಟವರೂ ಉಂಟು. ಎರಡನೆಯದು ಹೆಚ್ಚು ಅಪಾಯದ ತಪ್ಪು. ವರದಿಯಲ್ಲಿ ಅಚ್ಚಾದ ಮಿತಿ ಎಷ್ಟೋ ಸಲ ದೊಡ್ಡವರದು ಇಲ್ಲವೇ ಹಳೆಯದು.

ಹಾಗಾದರೆ ಎಷ್ಟಿದ್ದರೆ ಗಮನ ಕೊಡಬೇಕು? ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿಯಂತೆ 5 ಅಥವಾ ಹೆಚ್ಚಿದ್ದರೆ ಮೂಲ ಹುಡುಕಿ ತೆಗೆಯಬೇಕು. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಅದೇ ವರ್ಷ ತನ್ನ ಗಡಿಯನ್ನು 3.5ಕ್ಕೆ ಇಳಿಸಿತು. 1991ರಲ್ಲಿ ಅದು 10 ಇತ್ತು, 2012ರಲ್ಲಿ 5 ಆಯಿತು. ಈ 3.5 ಎಂಬುದು ವಿಷದ ಗಡಿ ಎಂದುಕೊಳ್ಳಬೇಡಿ. ಅಮೆರಿಕದ ಒಂದರಿಂದ ಐದು ವರ್ಷದ ಮಕ್ಕಳನ್ನೆಲ್ಲ ಸೀಸದ ಪ್ರಮಾಣದ ಮೇಲೆ ಸಾಲಾಗಿ ನಿಲ್ಲಿಸಿದರೆ ಎಲ್ಲರಿಗಿಂತ ಮೇಲಿರುವ ನೂರಕ್ಕೆ ಎರಡೂವರೆಯಷ್ಟು ಮಕ್ಕಳನ್ನು ಗುರುತಿಸಲು ಇಟ್ಟ ಗೆರೆ ಅದು. 3.4 ಬಂದ ಮಗು ಸುರಕ್ಷಿತ, 3.6 ಬಂದ ಮಗು ರೋಗಿ ಎಂದೇನಿಲ್ಲ.

ಅಳೆಯುವಲ್ಲಿಯೂ ಹೆಚ್ಚುಕಡಿಮೆ ಇದ್ದೇ ಇರುತ್ತದೆ. ಈ ಸಣ್ಣ ಅಂಕಿಗಳ ಮಟ್ಟದಲ್ಲಿ 4 ಮೈಕ್ರೋಗ್ರಾಂವರೆಗಿನ ವ್ಯತ್ಯಾಸವನ್ನು ಅಮೆರಿಕದ ಲ್ಯಾಬ್ ನಿಯಮಗಳು ಬಹಳ ಕಾಲ ಒಪ್ಪಿದ್ದವು. ಈಚೆಗೆ ಅದನ್ನು 2ಕ್ಕೆ ಇಳಿಸಲಾಗಿದೆ. ಹೋದ ಸಲ 5, ಈ ಸಲ 6 ಬಂದರೆ ಸೀಸ ಏರಿತು ಎಂದು ತಲ್ಲಣಿಸಬೇಕಿಲ್ಲ.

ಇಪ್ಪತ್ತು ಲೋಹಗಳ ಪ್ಯಾಕೇಜು ಬೇಡ

ಒಂದೇ ರಕ್ತದಲ್ಲಿ ಇಪ್ಪತ್ತು ಲೋಹ ನೋಡಿಬಿಡೋಣ ಎಂದು ಅನ್ನಿಸುವುದು ಸಹಜ. ಆದರೆ ಆರೋಗ್ಯವಂತರಲ್ಲಿ ನೂರಕ್ಕೆ ತೊಂಬತ್ತೈದು ಮಂದಿ ಒಳಬರುವಂತೆ ‘ನಾರ್ಮಲ್’ ಮಿತಿ ಇಡುವುದು ವಾಡಿಕೆ. ಹಾಗೆ ಇಪ್ಪತ್ತು ಪರೀಕ್ಷೆ ಮಾಡಿದರೆ, ಏನೂ ತೊಂದರೆ ಇಲ್ಲದ ಮಗುವಿಗೂ ಒಂದಾದರೂ ಸಾಲು ಮಿತಿಯಿಂದಾಚೆ ಬೀಳುವ ಸಂಭವ ನೂರಕ್ಕೆ ಅರವತ್ತನ್ನು ಮೀರುತ್ತದೆ. ಕೆಂಪು ಅಂಕಿ ಕಾಣುತ್ತದೆ, ಅದರ ಬೆನ್ನು ಹತ್ತಿ ಹಣ ಹೋಗುತ್ತದೆ, ಮಗುವಿಗೆ ಮತ್ತೆ ಸೂಜಿ.

ಪ್ರತಿ ಲೋಹಕ್ಕೂ ರಕ್ತವೇ ಸರಿಯಾದ ಜಾಗವೂ ಅಲ್ಲ. ಆರ್ಸೆನಿಕ್ ರಕ್ತದಿಂದ ಬೇಗನೆ ಹೊರಟುಹೋಗುತ್ತದೆ, ಅದಕ್ಕೆ ಮೂತ್ರ ಪರೀಕ್ಷೆ ಬೇಕು. ಮೀನು, ಸಿಗಡಿ ತಿಂದ ಮೂರು-ನಾಲ್ಕು ದಿನದೊಳಗೆ ಮಾಡಿಸಿದರೆ ಆರ್ಸೆನಿಕ್ ಹೆಚ್ಚೆಂದು ಬರಬಹುದು, ಆದರೆ ಸಮುದ್ರದ ಮೀನಿನಲ್ಲಿರುವುದು ಬಹುಪಾಲು ನಿರಪಾಯದ ರೂಪ. ನಮ್ಮ ಕರಾವಳಿಯ ಮನೆಗಳವರು ಇದನ್ನು ನೆನಪಿಡಬೇಕು. ಯಾದಗಿರಿ, ರಾಯಚೂರು ಭಾಗದ ಕೆಲವು ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಮಾತ್ರ ಆರ್ಸೆನಿಕ್ ನಿಜವಾಗಿಯೂ ಹೆಚ್ಚು ಕಂಡಿದೆ. ಅಂಥ ಕಡೆ ಮಗುವಿನ ರಕ್ತಕ್ಕಿಂತ ಮೊದಲು ಕುಡಿಯುವ ನೀರನ್ನು ಪರೀಕ್ಷೆಗೆ ಕೊಡಿ. ನೀರಿನಲ್ಲಿ ಲೀಟರಿಗೆ 0.01 ಮಿಲಿಗ್ರಾಂ ಮಿತಿ.

ಕೂದಲು ಕತ್ತರಿಸಿ ಕಳಿಸುವ ಲೋಹ ಪರೀಕ್ಷೆಯನ್ನು ಮಕ್ಕಳಿಗೆ ಮಾಡಿಸಬೇಡಿ. ಶಾಂಪೂ, ಧೂಳು, ಬೆವರಿನಿಂದ ಕೂದಲಿಗೆ ಅಂಟಿದ್ದೂ ಅದರಲ್ಲಿ ಸೇರುತ್ತದೆ. ಒಬ್ಬರದೇ ಕೂದಲನ್ನು ಬೇರೆ ಬೇರೆ ಲ್ಯಾಬಿಗೆ ಕಳಿಸಿದಾಗ ಫಲಿತಾಂಶ ಬೇರೆ ಬೇರೆಯಾಗಿ ಬಂದದ್ದು 2001ರಲ್ಲೇ ದಾಖಲಾಗಿದೆ. ಮೊದಲು ಔಷಧ ಕುಡಿಸಿ ಲೋಹವನ್ನು ಮೂತ್ರಕ್ಕಿಳಿಸಿ, ಆಮೇಲೆ ಅಳೆದು ಹೆಚ್ಚಿದೆ ಎನ್ನುವ ಪರೀಕ್ಷೆಯನ್ನೂ ವಿಷವೈದ್ಯ ತಜ್ಞರು ಒಪ್ಪುವುದಿಲ್ಲ. ಆ ಔಷಧ ಕುಡಿದರೆ ಯಾರ ಮೂತ್ರದಲ್ಲಾದರೂ ಲೋಹ ಹೆಚ್ಚೇ ಬರುತ್ತದೆ.

ಯಾವ ಮಗುವಿಗೆ ಪರೀಕ್ಷೆ ಬೇಕು

ಈ ಕೆಳಗಿನ ಯಾವುದಾದರೂ ನಿಮ್ಮ ಮನೆಗೆ ಹೊಂದಿದರೆ ಮಕ್ಕಳ ಡಾಕ್ಟರಿಗೆ ತಿಳಿಸಿ, ಸೀಸವೊಂದನ್ನೇ ಪರೀಕ್ಷೆ ಮಾಡಿಸಿ.

• ಮನೆಯಲ್ಲಿ ಯಾರಾದರೂ ಬ್ಯಾಟರಿ, ಗುಜರಿ, ಬೆಸುಗೆ, ಬಣ್ಣ ಬಳಿಯುವ ಅಥವಾ ಅಕ್ಕಸಾಲಿಗ ಕೆಲಸ ಮಾಡುತ್ತಿದ್ದರೆ.
• ಹಳೆ ಬ್ಯಾಟರಿ ಒಡೆಯುವ, ಕರಗಿಸುವ ಜಾಗ ಹತ್ತಿರದಲ್ಲಿದ್ದರೆ.
• ಹಳೆ ಮನೆಯ ಬಾಗಿಲು, ಕಿಟಕಿ, ಗೋಡೆಯ ಬಣ್ಣ ಉದುರುತ್ತಿದ್ದರೆ ಅಥವಾ ಈಚೆಗೆ ಕೆರೆಸಿದ್ದರೆ.
• ಮಗು ಮಣ್ಣು, ಸುಣ್ಣ, ಬಳಪ ತಿನ್ನುತ್ತಿದ್ದರೆ.
• ಕಬ್ಬಿಣಾಂಶದ ಔಷಧ ಕೊಟ್ಟರೂ ರಕ್ತಹೀನತೆ ವಾಸಿಯಾಗದಿದ್ದರೆ.
• ಮಗುವಿಗೆ ಭಸ್ಮ ಸೇರಿದ ಔಷಧ ಕೊಡುತ್ತಿದ್ದರೆ ಅಥವಾ ಕಣ್ಣಿಗೆ ಸುರ್ಮಾ ಹಚ್ಚುತ್ತಿದ್ದರೆ.
• ಅಣ್ಣ, ಅಕ್ಕ, ತಮ್ಮ, ತಂಗಿಯ ರಕ್ತದಲ್ಲಿ ಸೀಸ ಹೆಚ್ಚಿದ್ದರೆ.
• ಮಾತು, ನಡವಳಿಕೆ, ಕಲಿಕೆಯಲ್ಲಿ ಮಗು ಹಿಂದುಳಿದಿದೆ ಎಂದು ಡಾಕ್ಟರಿಗೆ ಅನ್ನಿಸಿದರೆ.

ಗರ್ಭಿಣಿಯರಿಗೂ ಇದು ಅನ್ವಯ. ಎಂದೋ ಮೂಳೆ ಸೇರಿದ ಸೀಸ ಗರ್ಭಾವಸ್ಥೆಯಲ್ಲಿ ರಕ್ತಕ್ಕೆ ಇಳಿದು ಶಿಶುವನ್ನು ತಲುಪಬಹುದು. ಇದ್ಯಾವುದೂ ಇಲ್ಲದ ಮಗುವಿಗೆ ಜಾಹೀರಾತು ನೋಡಿ ಪರೀಕ್ಷೆ ಮಾಡಿಸಬೇಕಿಲ್ಲ. ಅಮೆರಿಕದಲ್ಲಿರುವ ಮಕ್ಕಳಿಗೆ ಒಂದು ಮತ್ತು ಎರಡು ವರ್ಷದ ಭೇಟಿಯಲ್ಲಿ ಡಾಕ್ಟರು ಸೀಸದ ವಿಚಾರ ಎತ್ತಿದರೆ ಗಾಬರಿ ಬೇಡ, ಅಲ್ಲಿ ಅದು ವಾಡಿಕೆ.

ಮೂಲ ಹುಡುಕುವುದು ಹೇಗೆ

2023ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಕೆಲವು ಮಕ್ಕಳ ವಾಡಿಕೆಯ ಪರೀಕ್ಷೆಯಲ್ಲಿ ಸೀಸ ಹೆಚ್ಚು ಬಂತು. ಆರೋಗ್ಯ ಇಲಾಖೆಯವರು ಮನೆಗಳನ್ನು ಜಾಲಾಡಿದರು. ಕೊನೆಗೆ ಸಿಕ್ಕಿದ್ದು ಮಕ್ಕಳು ಇಷ್ಟಪಟ್ಟು ತಿನ್ನುತ್ತಿದ್ದ, ದಾಲ್ಚಿನ್ನಿ ಬೆರೆಸಿದ ಸೇಬಿನ ತಿರುಳಿನ ಪೊಟ್ಟಣ. ಆ ದಾಲ್ಚಿನ್ನಿ ಪುಡಿಯಲ್ಲಿ ಸೀಸವಿತ್ತು. ಪೊಟ್ಟಣಗಳನ್ನು ಮಾರುಕಟ್ಟೆಯಿಂದ ಹಿಂತೆಗೆದರು. ಕೆಲವು ಮಕ್ಕಳ ರಕ್ತ ಪರೀಕ್ಷೆಯಿಂದ ದೇಶದ ನೂರಾರು ಮಕ್ಕಳಿಗೆ ಸೀಸ ಎಲ್ಲಿಂದ ಬರುತ್ತಿತ್ತೆಂದು ತಿಳಿಯಿತು.

ನಮ್ಮ ಮನೆಗಳಲ್ಲಿ ಹುಡುಕಾಟವನ್ನು ಅಡುಗೆಮನೆಯಿಂದಲೇ ಶುರುಮಾಡಬಹುದು. ಅರಿಶಿನಕ್ಕೆ ಹೊಳಪು ಬರಲೆಂದು ಲೆಡ್ ಕ್ರೋಮೇಟ್ ಎಂಬ ಹಳದಿ ಬಣ್ಣ ಬೆರೆಸುವ ಕೆಟ್ಟ ರೂಢಿ ದಕ್ಷಿಣ ಏಷ್ಯಾದಲ್ಲಿದೆ. 2024ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಪಟ್ನಾದ ಅರಿಶಿನದಲ್ಲಿ ಗ್ರಾಂಗೆ 1000 ಮೈಕ್ರೋಗ್ರಾಂ ಮೀರಿದ ಸೀಸ ಕಂಡಿತ್ತು. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ಮಿತಿ ಗ್ರಾಂಗೆ 10. ಹಾಗೆಂದು ಅರಿಶಿನವನ್ನೇ ಬಿಡಬೇಕಿಲ್ಲ. ಕಣ್ಣು ಕುಕ್ಕುವಂತೆ ಹೊಳೆಯುವ ಕೊಂಬು, ಸಡಿಲವಾಗಿ ಮಾರುವ ಪುಡಿ ಬಿಡಿ. ಪ್ರಾಧಿಕಾರದ ಗುರುತಿರುವ ಪೊಟ್ಟಣ ಅಥವಾ ಗೊತ್ತಿರುವ ಬೆಳೆಗಾರರ ಪಾಲಿಶ್ ಮಾಡದ ಕೊಂಬು ತನ್ನಿ.

ಗುಜರಿ ಲೋಹ ಕರಗಿಸಿ ಮಾಡಿದ ಅಗ್ಗದ ಅಲ್ಯೂಮಿನಿಯಂ ಪಾತ್ರೆಗಳಿಂದ ಹುಳಿ ಪದಾರ್ಥಕ್ಕೆ ಸೀಸ ಇಳಿಯಬಹುದು. ಹಿಂಡಾಲಿಯಂ ಮತ್ತು ಹಿತ್ತಾಳೆಯ ಕೆಲವು ಆಮದು ಪಾತ್ರೆಗಳ ಬಗ್ಗೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2025ರಲ್ಲಿ ಎಚ್ಚರಿಕೆ ಕೊಟ್ಟಿದೆ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸುವಾಗ ಅಪ್ಪಟ ತವರವನ್ನೇ ಕೇಳಿ. ಅದಕ್ಕೆ ಸೀಸ ಬೆರೆತರೆ ಕಲಾಯಿಯೇ ಅಪಾಯ. ಮಕ್ಕಳ ಸಾರು, ಹುಳಿಗೆ ಸ್ಟೀಲ್ ಪಾತ್ರೆ ನೆಮ್ಮದಿ.

ಕಣ್ಣಿನ ವಿಚಾರಕ್ಕೆ ಬಂದರೆ, ಹರಳೆಣ್ಣೆ ದೀಪದ ಮಸಿಯಿಂದ ಮನೆಯಲ್ಲಿ ಮಾಡಿದ ಕಾಡಿಗೆ ಬೇರೆ, ಸೀಸದ ಅದಿರನ್ನೇ ಅರೆದು ಮಾಡಿದ ಸುರ್ಮಾ ಬೇರೆ. ಸುರ್ಮಾ ಖಂಡಿತ ಬೇಡ. ಕಾಡಿಗೆಯಿಂದಲೂ ಸೋಂಕಿನ ಭಯವಿರುವುದರಿಂದ ಶಿಶುವಿನ ಕಣ್ಣಿಗೆ ಹಚ್ಚದಿರುವುದೇ ಲೇಸು. ಭಸ್ಮ ಸೇರಿದ ರಸೌಷಧಗಳನ್ನು ಅಜ್ಜಿ ಹೇಳಿದರೆಂದೋ, ಪರಿಚಯದವರು ತಂದುಕೊಟ್ಟರೆಂದೋ ಮಕ್ಕಳಿಗೆ ಕೊಡಬೇಡಿ. ನಾಗಭಸ್ಮವೆಂದರೆ ಸೀಸದ ಭಸ್ಮವೇ. ಬಾಸ್ಟನ್ ಸುತ್ತಲಿನ ಅಂಗಡಿಗಳಲ್ಲಿ ಕೊಂಡ 70 ಆಯುರ್ವೇದ ಉತ್ಪನ್ನಗಳಲ್ಲಿ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಇದ್ದದ್ದು 2004ರಲ್ಲಿ ವರದಿಯಾಗಿತ್ತು. ಕೊಡುತ್ತಿರುವ ಔಷಧ ಏನಿದ್ದರೂ ಡಾಕ್ಟರ ಮುಂದೆ ಮುಚ್ಚಿಡಬೇಡಿ, ಡಬ್ಬಿಯನ್ನೇ ತೆಗೆದುಕೊಂಡು ಹೋಗಿ.

ಇನ್ನು ಬಣ್ಣ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ದಶಲಕ್ಷಕ್ಕೆ 90 ಪಾಲು ಮೀರಬಾರದೆಂಬ ನಿಯಮ ನಮ್ಮಲ್ಲಿ 2017ರ ನವೆಂಬರ್‌ನಿಂದ ಜಾರಿಯಲ್ಲಿದೆ. ಅದಕ್ಕೂ ಹಿಂದೆ ಬಳಿದ ಆಯಿಲ್ ಪೇಂಟ್ ಕಿಟಕಿ, ಗೇಟು, ತೊಟ್ಟಿಲುಗಳ ಮೇಲೆ ಇನ್ನೂ ಇದೆ. ಅದನ್ನು ಒಣಗಿದ್ದಾಗಲೇ ಉಜ್ಜಿ ಕೆರೆಯಬೇಡಿ. ಬಣ್ಣ ತೆಗೆಸುವ ಕೆಲಸ ನಡೆಯುವಷ್ಟು ದಿನ ಮಕ್ಕಳು ಮತ್ತು ಗರ್ಭಿಣಿಯರು ಬೇರೆ ಮನೆಯಲ್ಲಿರಲಿ. ಆಟಿಕೆ ಕೊಳ್ಳುವಾಗ ಐಎಸ್‌ಐ ಗುರುತು ನೋಡಿ. 2021ರ ಜನವರಿಯಿಂದ ಅದು ಕಡ್ಡಾಯ.

ಮನೆಯವರ ಕೆಲಸದ ಬಟ್ಟೆಯನ್ನೂ ಮರೆಯಬೇಡಿ. ಬ್ಯಾಟರಿ ಅಂಗಡಿಯಿಂದ ಬಂದ ಅಪ್ಪ ಅದೇ ಅಂಗಿಯಲ್ಲಿ ಮಗುವನ್ನು ಎತ್ತಿಕೊಂಡರೆ ಅಂಗಿಯ ಧೂಳು ಮಗುವಿನ ಬಾಯಿಗೆ ಹೋಗುತ್ತದೆ. ಬಟ್ಟೆ ಬದಲಿಸಿ, ಸ್ನಾನ ಮಾಡಿ ಆಮೇಲೆ ಎತ್ತಿಕೊಳ್ಳಲಿ. ಆ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ. ಪೊರಕೆಯಿಂದ ಒಣ ಕಸ ಗುಡಿಸಿ ಧೂಳೆಬ್ಬಿಸುವ ಬದಲು ಒದ್ದೆ ಬಟ್ಟೆಯಿಂದ ನೆಲ, ಕಿಟಕಿ ದಂಡೆ ಒರೆಸಿ. ಊಟಕ್ಕೆ ಮುಂಚೆ, ಮಲಗುವ ಮುಂಚೆ ಮಗುವಿನ ಕೈ ತೊಳೆಯಿರಿ.

ಅಂಕಿ ಹೆಚ್ಚು ಬಂದರೆ ಮುಂದೇನು

ಬೆರಳಿನ ಪರೀಕ್ಷೆಯಲ್ಲಿ ಹೆಚ್ಚು ಬಂದರೆ ತೋಳಿನ ರಕ್ತದಿಂದ ಖಚಿತ ಮಾಡಿಕೊಳ್ಳಲು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಹೇಳುವ ಗಡುವು ಹೀಗಿದೆ: 3.5ರಿಂದ 9 ಇದ್ದರೆ ಮೂರು ತಿಂಗಳೊಳಗೆ, 10ರಿಂದ 19 ಇದ್ದರೆ ಒಂದು ತಿಂಗಳೊಳಗೆ, 20ರಿಂದ 44 ಇದ್ದರೆ ಎರಡು ವಾರದೊಳಗೆ, 45 ಮತ್ತು ಮೇಲಿದ್ದರೆ ಎರಡು ದಿನದೊಳಗೆ. ಮಗು ಪದೇ ಪದೇ ವಾಂತಿ ಮಾಡುತ್ತಿದ್ದರೆ, ಮಂಕಾಗಿದ್ದರೆ, ಫಿಟ್ಸ್ ಬಂದರೆ ಗಡುವು ನೋಡದೆ ನೇರ ಆಸ್ಪತ್ರೆಗೆ ಹೋಗಿ.

ಸೀಸವನ್ನು ಹಿಡಿದು ಹೊರಹಾಕುವ ಕೀಲೇಷನ್ ಎಂಬ ಚಿಕಿತ್ಸೆ ಇದೆ. ಹತ್ತು ವರ್ಷದೊಳಗಿನ ಮಕ್ಕಳಿಗೆ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಶಿಫಾರಸು ಮಾಡುವುದು 45 ಅಥವಾ ಹೆಚ್ಚಿದ್ದಾಗ, ಅದೂ ತಜ್ಞರ ಕಣ್ಣೆದುರು. ಮೂಲ ತೆಗೆಯದೆ ಈ ಚಿಕಿತ್ಸೆ ಕೊಡುವುದು ನಲ್ಲಿ ನಿಲ್ಲಿಸದೆ ನೆಲ ಒರೆಸಿದಂತೆ. 8, 12 ಬಂದ ಮಗುವಿಗೆ ‘ಡಿಟಾಕ್ಸ್’ ಹನಿ, ಪುಡಿ, ಡ್ರಿಪ್ ಎಂದು ಯಾರು ಹೇಳಿದರೂ ಒಪ್ಪಬೇಡಿ. 2003ರಿಂದ 2005ರ ನಡುವೆ ಅಮೆರಿಕದಲ್ಲಿ ಕೀಲೇಷನ್ ಔಷಧ ಕೊಟ್ಟಾಗ ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದು ಮೂವರು ಸತ್ತದ್ದು ದಾಖಲಾಗಿದೆ. ಅವರಲ್ಲಿ ಇಬ್ಬರು ಮಕ್ಕಳು.

ಮಗುವಿಗೆ ಒಪ್ಪುವುದು ಹೊತ್ತುಹೊತ್ತಿನ ಊಟ. ಖಾಲಿ ಹೊಟ್ಟೆಯಲ್ಲಿ ಸೀಸ ಹೆಚ್ಚು ಹೀರಿಕೆಯಾಗುತ್ತದೆ. ರಾಗಿ ಅಂಬಲಿ, ರಾಗಿ ಮುದ್ದೆ, ಹಾಲು, ಮೊಸರಿನಲ್ಲಿ ಕ್ಯಾಲ್ಸಿಯಂ ಸಿಗುತ್ತದೆ. ಹೆಸರುಕಾಳು, ಸೊಪ್ಪಿನ ಪಲ್ಯ, ಒಗ್ಗುವವರಿಗೆ ಮೊಟ್ಟೆ, ಮಾಂಸ ಕಬ್ಬಿಣಾಂಶಕ್ಕೆ ಒಳ್ಳೆಯದು. ಸೊಪ್ಪಿನ ಜೊತೆ ನಿಂಬೆರಸವಿದ್ದರೆ ಕಬ್ಬಿಣಾಂಶ ಚೆನ್ನಾಗಿ ಹಿಡಿಯುತ್ತದೆ. ಸೀಸದ ಜೊತೆಗೆ ರಕ್ತಹೀನತೆಯ ಪರೀಕ್ಷೆಯನ್ನೂ ಮಾಡಿಸಿ, ಬೇಕಾದರೆ ಡಾಕ್ಟರು ಕಬ್ಬಿಣಾಂಶದ ಔಷಧ ಬರೆಯುತ್ತಾರೆ.

ಒಮ್ಮೆ ಖಚಿತವಾದ ಮೇಲಿನ ಮರುಪರೀಕ್ಷೆಗೆ ಅವಸರ ಬೇಡ. ರಕ್ತದಲ್ಲಿರುವ ಸೀಸ ಅರ್ಧಕ್ಕಿಳಿಯಲು ತಿಂಗಳಷ್ಟು ಬೇಕು. ಮೂಳೆಯಲ್ಲಿ ಕೂತದ್ದು ಮಾತ್ರ ವರ್ಷಗಟ್ಟಲೆ ಅಲ್ಲೇ ಉಳಿದು ನಿಧಾನವಾಗಿ ರಕ್ತಕ್ಕೆ ಇಳಿಯುತ್ತಿರುತ್ತದೆ. ಅದಕ್ಕೇ ಅಂಕಿ ನಿಧಾನವಾಗಿ ಕೆಳಗಿಳಿಯುತ್ತದೆ. ಇಳಿಯುವ ದಿಕ್ಕಿನಲ್ಲಿದ್ದರೆ ನೀವು ಹಿಡಿದ ದಾರಿ ಸರಿ ಇದೆ. ಇಳಿಯದಿದ್ದರೆ ಇನ್ನೊಂದು ಮೂಲ ಉಳಿದಿದೆ, ಮತ್ತೆ ಹುಡುಕಬೇಕು.

ಮೂಲ ತೆಗೆದರೆ ರಕ್ತದ ಸೀಸ ಇಳಿಯುತ್ತದೆ ಎಂಬುದಕ್ಕೆ ನಮ್ಮ ಸುತ್ತಲೇ ಸಾಕ್ಷಿ ಇದೆ. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಜಾರ್ಜ್ ಫೌಂಡೇಷನ್ ಬೆಂಗಳೂರೂ ಸೇರಿದಂತೆ ದೇಶದ ದೊಡ್ಡ ನಗರಗಳಲ್ಲಿ ನಡೆಸಿದ ಪರೀಕ್ಷೆಯಲ್ಲಿ ಅರ್ಧದಷ್ಟು ಮಕ್ಕಳ ರಕ್ತದಲ್ಲಿ ಸೀಸ 10 ಮೀರಿತ್ತು. 2000ದಲ್ಲಿ ದೇಶದಾದ್ಯಂತ ಸೀಸವಿಲ್ಲದ ಪೆಟ್ರೋಲ್ ಬಂತು. ಆಮೇಲೆ ಮುಂಬೈಯಲ್ಲಿ ನೋಡಿದಾಗ 10 ಮೀರಿದ ಮಕ್ಕಳು ಮೂರನೇ ಒಂದು ಪಾಲಿಗೆ ಇಳಿದಿದ್ದರು. ಬಾಂಗ್ಲಾದೇಶದಲ್ಲಿ 2019ರಲ್ಲಿ ಮಾರುಕಟ್ಟೆಯ ಅರಿಶಿನದ ಮಾದರಿಗಳಲ್ಲಿ ನೂರಕ್ಕೆ 47ರಲ್ಲಿ ಸೀಸವಿತ್ತು. ಸರ್ಕಾರ ಕಲಬೆರಕೆಯ ಮೇಲೆ ಬಿಗಿಯಾಗಿ ನಿಂತಿತು, ಎರಡು ವರ್ಷದಲ್ಲಿ ಅದು ಸೊನ್ನೆಗೆ ಬಂತು. ಅರಿಶಿನ ಗಿರಣಿಯ ಕೆಲಸಗಾರರ ರಕ್ತದಲ್ಲಿಯೂ ಸೀಸ ಕಡಿಮೆಯಾಯಿತು.

ಸರ್ಕಾರಗಳು ದೇಶದ ಮಟ್ಟದಲ್ಲಿ ಮಾಡಿದ್ದನ್ನು ನೀವು ಮನೆಯ ಮಟ್ಟದಲ್ಲಿ ಮಾಡಬಲ್ಲಿರಿ. ಕೆಂಪು ಅಂಕಿ ಬಂದ ವರದಿ ಕೈಯಲ್ಲಿದ್ದರೆ ಈ ವಾರ ಮಾಡಬೇಕಾದ್ದು ನಾಲ್ಕೇ ಕೆಲಸ: ಅಳತೆ ಸರಿಯಾಗಿ ಓದಿ, ತೋಳಿನ ರಕ್ತದಿಂದ ಖಚಿತ ಮಾಡಿಕೊಳ್ಳಿ, ಅರಿಶಿನ, ಪಾತ್ರೆ, ಔಷಧ, ಬಣ್ಣ, ಕೆಲಸದ ಬಟ್ಟೆಗಳ ಪಟ್ಟಿ ಬರೆಯಿರಿ, ಆ ಪಟ್ಟಿ ಹಿಡಿದು ಮಕ್ಕಳ ಡಾಕ್ಟರ ಬಳಿ ಹೋಗಿ. ವರದಿಗಿಂತ ನಿಮ್ಮ ಈ ಪಟ್ಟಿಯೇ ಅವರಿಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.